ಶಿಲೆಯಲ್ಲಿ ಹಸಿರನ್ನು ಕಂಡ ಬೀರಬಲ್ ಸಾಹನಿ

ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲುಗಳಿಂದ ಹತ್ತುವವರಿಗೆ ಅಲ್ಲಲ್ಲಿ ಬೋಳುಬಂಡೆಗಳು ಕಾಣಸಿಗುತ್ತವೆ. ಬಂಡೆಯ ಮೈಮೇಲೆ ಮೊದಲು ಕಲ್ಲುಹೂವು ಹಬ್ಬುತ್ತದೆ. ಬಿರುಕಿನಲ್ಲಿ ಹಿಡಿಮಣ್ಣು ನಿಂತರೆ ಪಾಚಿಯೂ ಹುಲ್ಲೂ ತಲೆಯೆತ್ತುತ್ತವೆ. ಕಾಲಕ್ರಮದಲ್ಲಿ ಪೊದೆಗಳು ಬೇರೂರುತ್ತವೆ. ಬರಿನೆಲಕ್ಕೆ ಸಸ್ಯಜೀವನವು ಹೀಗೆ ಹಂತಹಂತವಾಗಿ ಬರುತ್ತದೆ. ಸುಮಾರು 30 ಕೋಟಿ ವರ್ಷಗಳ ಹಿಂದೆ ನಮ್ಮ ದೇಶದ ಬಹುಭಾಗವು ಹಿಮದಡಿಯಲ್ಲಿ ಹೂತುಹೋಗಿದ್ದು, ಆ ಹಿಮವು ಕರಗಿದ ಬಳಿಕ ಹೀಗೆಯೇ ಹಸಿರಾಯಿತು. ಆ ಕಾಲದ ಸಸ್ಯಗಳ ಕಥೆಯನ್ನು ಶಿಲೆಗಳಲ್ಲಿ ಓದಿ ತಿಳಿಸಿದ ಮಹನೀಯರಲ್ಲಿ ಬೀರಬಲ್ ಸಾಹನಿಯವರು ಅಗ್ರಗಣ್ಯರು.

ಸಾಹನಿಯವರು 1891ರ ನವೆಂಬರ್ 14ರಂದು, ಈಗ ಪಾಕಿಸ್ತಾನಕ್ಕೆ ಸೇರಿರುವ ಭೇರಾ ಎಂಬ ಊರಿನಲ್ಲಿ ಜನಿಸಿದರು. ತಂದೆ ರುಚಿರಾಮ್ ಸಾಹನಿಯವರು ಲಾಹೋರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ರಜೆ ಬಂತೆಂದರೆ ಅವರು ಮಕ್ಕಳನ್ನು ಹಿಮಾಲಯಕ್ಕೆ ಕರೆದೊಯ್ಯುತ್ತಿದ್ದರು. ಹಿಮದ ಕಣಿವೆಗಳಲ್ಲಿ ನಡೆಯುತ್ತ, ಗಿಡಗಳನ್ನು ಸಂಗ್ರಹಿಸುತ್ತ ಬಾಲಕನಲ್ಲಿ ಸಸ್ಯಶಾಸ್ತ್ರದ ಒಲವು ಮೂಡಿತು.

1911ರಲ್ಲಿ ಸಾಹನಿಯವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿದರು. ಅಲ್ಲಿ ಪ್ರೊಫೆಸರ್ ಸೀವರ್ಡ್ ಅವರ ಮಾರ್ಗದರ್ಶನದಲ್ಲಿ ಸಸ್ಯಗಳ ಪಳೆಯುಳಿಕೆಗಳನ್ನು ಅಭ್ಯಸಿಸಿದರು. 1919ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿ ಪಡೆದು ತಾಯ್ನಾಡಿಗೆ ಮರಳಿದರು. 1921ರಲ್ಲಿ ಲಖ್ನೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು.

ಆ ಪ್ರಾಚೀನ ಕಾಲದಲ್ಲಿ ಭಾರತವು ದಕ್ಷಿಣದ ಗೊಂಡ್ವಾನವೆಂಬ ಮಹಾಭೂಖಂಡದ ಅಂಗವಾಗಿತ್ತು. ಹಿಮನದಿಗಳು ಉಜ್ಜಿ ಗೀರಿದ ಕಲ್ಲುಗುಂಡುಗಳು ಒಡಿಶಾದ ತಾಲ್ಚೇರ್ ಮೊದಲಾದೆಡೆಗಳಲ್ಲಿ ಇಂದಿಗೂ ಉಳಿದಿವೆ. ಹಿಮವು ಹಿಂದೆ ಸರಿದಾಗ ಉಳಿದುದು ಕಲ್ಲು ಮತ್ತು ಹೂಳು ಮಾತ್ರ. ಅದರ ಮೇಲಣ ಸ್ತರಗಳಲ್ಲಿ ಮೊದಲು ಕಾಣುವವು ಗಂಗಮಾಪ್ಟೆರಿಸ್, ಗ್ಲಾಸಾಪ್ಟೆರಿಸ್ ಎಂಬ, ಈಗ ಅಳಿದುಹೋಗಿರುವ ಸಸ್ಯಗಳ ವಿರಳವಾದ ಎಲೆಗಳು. ಮೇಲುಮೇಲಿನ ಸ್ತರಗಳಿಗೆ ಬಂದಂತೆ ಎಲೆಗಳು ದಟ್ಟವಾಗುತ್ತವೆ. ಕೊನೆಗೆ ಕಾಡುಗಳೇ ಬೆಳೆದು, ಜೌಗುನೆಲದಲ್ಲಿ ಹೂತು, ಝರಿಯಾ ಮತ್ತು ರಾಣಿಗಂಜ್‌ಗಳ ಕಲ್ಲಿದ್ದಲಾದವು. ಸಾಹನಿಯವರು ಸೀವರ್ಡ್ ಅವರೊಡನೆ ಈ ಸಸ್ಯಾವಶೇಷಗಳನ್ನು ಮರುಪರಿಶೀಲಿಸಿ 1920ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮುಂದೆ ಅವರ ಶಿಷ್ಯವರ್ಗವು ಹಿಮಯುಗದ ಶಿಲಾಸ್ತರಗಳಿಂದ ರೆಕ್ಕೆಯುಳ್ಳ ಪರಾಗಕಣಗಳನ್ನೂ ಬೇರ್ಪಡಿಸಿತು. ಗಾಳಿಯಲ್ಲಿ ತೇಲಬಲ್ಲ ಇಂಥ ಕಣಗಳು, ಹಿಮದ ನೆರೆಯಲ್ಲಿಯೂ ಸಸ್ಯಗಳು ಜೀವಿಸಿದ್ದುವೆಂಬುದಕ್ಕೆ ಸಾಕ್ಷಿಯಾದವು.

1936ರಲ್ಲಿ ಸಾಹನಿಯವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಗೊಂಡರು. ಕೀರ್ತಿ ಬಂದರೂ ಅವರ ಮನಸ್ಸಿನಲ್ಲಿದ್ದುದು ಒಂದೇ ಹಂಬಲ: ಪ್ರಾಚೀನ ಸಸ್ಯಗಳ ಅಧ್ಯಯನಕ್ಕೆ ಭಾರತದಲ್ಲಿಯೇ ಒಂದು ಸಂಸ್ಥೆ ನೆಲೆಗೊಳ್ಳಬೇಕು. ಅದಕ್ಕಾಗಿ ತಮ್ಮ ಗ್ರಂಥಗಳನ್ನೂ ಪಳೆಯುಳಿಕೆಗಳ ಸಂಗ್ರಹವನ್ನೂ ಧಾರೆಯೆರೆದರು. ಸಂಸ್ಥೆಯು 1946ರಲ್ಲಿ ಆರಂಭವಾಯಿತು. 1949ರ ಏಪ್ರಿಲ್ 3ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದರ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದರು. ಪಳೆಯುಳಿಕೆಗಳನ್ನು ಕೂರಿಸಿದ ಆ ಅಡಿಗಲ್ಲನ್ನು ಸಾಹನಿಯವರೇ ಸಿದ್ಧಪಡಿಸಿದ್ದರು. ಆದರೆ ಏಳೇ ದಿನಗಳಲ್ಲಿ, ಏಪ್ರಿಲ್ 10ರಂದು, ಅವರು ಹೃದಯಾಘಾತದಿಂದ ನಿಧನಹೊಂದಿದರು.

ಅಡಿಗಲ್ಲು ಮಾತ್ರ ಉಳಿದಿದ್ದ ಆ ಜಾಗದಲ್ಲಿ ಕೆಲಸವು ನಿಲ್ಲಲಿಲ್ಲ. ಪತ್ನಿ ಸಾವಿತ್ರಿ ಸಾಹನಿಯವರು ದುಃಖವನ್ನು ನುಂಗಿಕೊಂಡು ಸಂಸ್ಥೆಯ ಹೊಣೆಯನ್ನು ಹೊತ್ತರು. ಸಂಸ್ಥೆಯ ಕಟ್ಟಡವು 1953ರಲ್ಲಿ ಉದ್ಘಾಟನೆಗೊಂಡಿತು. ಲಖ್ನೋದಲ್ಲಿರುವ ಆ ಸಂಸ್ಥೆಯು ಇಂದು ಬೀರಬಲ್ ಸಾಹನಿಯವರ ಹೆಸರನ್ನೇ ಹೊತ್ತು, ಗತಿಸಿದ ಯುಗಗಳ ಜೀವನವನ್ನು ಅರಿಯುವ ಕಾರ್ಯವನ್ನು ಮುಂದುವರಿಸುತ್ತಿದೆ. ಹಿಮವು ಬರಿದಾಗಿಸಿದ ನೆಲದಲ್ಲಿ ಮೊಳೆತ ಒಂದೆರಡು ಸಸ್ಯಗಳೇ ಮುಂದೆ ಕಾಡಾದಂತೆ, ಒಬ್ಬರು ಊರಿದ ಬೀಜವನ್ನು ಅನೇಕರು ಬೆಳೆಸಿದರು.