ರುಚಿಯನ್ನು ತೂಗಿ ನೋಡಿದ ಅರಸ: ಭೂಲೋಕಮಲ್ಲ ಸೋಮೇಶ್ವರ

ವಿಜಯಪುರ ಜಿಲ್ಲೆಯ ಕಾಖಂಡಕಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಮಹಿಪತಿದಾಸರು. 17ನೆಯ ಶತಮಾನದಲ್ಲಿ ಆದಿಲಶಾಹಿ ಅರಮನೆಯ ಅಧಿಕಾರವನ್ನು ಬಿಟ್ಟುಬಂದ ಆ ಸಂತರ ಹೆಸರನ್ನು ಈ ಊರು ಇಂದಿಗೂ ಭಕ್ತಿಯಿಂದ ಕಾಪಾಡಿಕೊಂಡು ಬಂದಿದೆ. ತೊರೆದವರಿಗೆ ನಮ್ಮ ಜನ ಬೇಗನೆ ತಲೆಬಾಗುತ್ತಾರೆ. ಅದು ತಕ್ಕುದೇ ಆಗಿದೆ. ಆದರೆ ಇದೇ ನೆಲವನ್ನು ದಾಸರಿಗಿಂತ ಐನೂರು ವರ್ಷಗಳ ಹಿಂದೆ ಆಳಿದ ಅರಸನೊಬ್ಬನು ಅರಮನೆಯ ಭೋಗಗಳನ್ನು ತೊರೆಯಲಿಲ್ಲ. ಅವುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಗುಣದೋಷಗಳನ್ನು ವಿಂಗಡಿಸಿ, ಗ್ರಂಥವಾಗಿ ಬರೆದಿಟ್ಟನು. ಅಂಥವನಿಗೆ ನಾವು ಯಾವ ಸ್ಥಾನವನ್ನು ಕೊಡಬೇಕು? ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಜೀವನವನ್ನು ಕುರಿತು ಯೋಚಿಸುವವರಿಗೆಲ್ಲ ಈ ಪ್ರಶ್ನೆ ಎದುರಾಗದೆ ಇರದು.

ವಿಜಯಪುರದ ಸುತ್ತಣ ನಾಡಿಗೂ ಈ ವಂಶಕ್ಕೂ ಇರುವ ನಂಟು ಹಳೆಯದು. ಈ ಪ್ರದೇಶದ ಬಹುಭಾಗವು ಆಗ ತರ್ದವಾಡಿ ಸಾಸಿರವೆಂಬ ನಾಡಿಗೆ ಸೇರಿತ್ತು. ವಂಶಸ್ಥಾಪಕನಾದ ತೈಲಪನು 973ರಲ್ಲಿ ಸ್ವತಂತ್ರನಾಗುವ ಮುನ್ನ ರಾಷ್ಟ್ರಕೂಟರ ಸಾಮಂತನಾಗಿ ಈ ನಾಡನ್ನೇ ಆಳುತ್ತಿದ್ದನು. ಅವನಿಂದ ಬೆಳೆದ ರಾಜ್ಯವು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ತನ್ನ ಔನ್ನತ್ಯವನ್ನು ಮುಟ್ಟಿತು. 1076ರಲ್ಲಿ ಪಟ್ಟವೇರಿ ತನ್ನ ಹೆಸರಿನಲ್ಲಿಯೇ ಶಕೆಯೊಂದನ್ನು ಆರಂಭಿಸಿದ ಈ ಚಕ್ರವರ್ತಿ ಐವತ್ತು ವರ್ಷ ಆಳಿದನು. ಕಾಶ್ಮೀರದ ಬಿಲ್ಹಣ ಕವಿ ಅವನ ಆಸ್ಥಾನದಲ್ಲಿದ್ದನು. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನೂ ಅವನ ಕಾಲದವನೇ. ಇಂಥ ತಂದೆಯ ಮಗನಾಗಿ ಸೋಮೇಶ್ವರನು ಬೆಳೆದನು. ದೊಡ್ಡ ಆಲದ ಕೆಳಗೆ ಬೆಳೆಯುವ ಗಿಡದ ಭಾಗ್ಯವೂ ಕಷ್ಟವೂ ಅವನ ಪಾಲಿಗೆ ಬಂದವು.

1126ರ ಸುಮಾರಿಗೆ ಅವನು ಸಿಂಹಾಸನವನ್ನೇರಿದನು. ಭೂಲೋಕಮಲ್ಲನೆಂಬುದು ಅವನ ಬಿರುದು. ಆದರೆ ಅವನಿಗೆ ನಿಜವಾಗಿ ಒಪ್ಪಿದ್ದು ಸರ್ವಜ್ಞನೆಂಬ ಇನ್ನೊಂದು ಬಿರುದು. ತಂದೆ ಕತ್ತಿಯಿಂದ ಕಟ್ಟಿದುದನ್ನು ಮಗನು ಉಳಿಸಿಕೊಳ್ಳಬೇಕಾಗಿತ್ತು. ಶಾಸನಗಳು ಅವನನ್ನು ದೂರದೂರದ ದೊರೆಗಳ ತಲೆಯ ಮೇಲೆ ಪಾದವಿಟ್ಟವನೆಂದು ಹೊಗಳಿದರೂ ನಡೆದ ಸಂಗತಿ ಬೇರೆ. ಪೂರ್ವದಲ್ಲಿ ವೇಂಗಿ ಚೋಳರ ವಶವಾಯಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಸಾಮಂತನಾಗಿದ್ದರೂ ತನ್ನ ಬಲವನ್ನು ಉತ್ತರದ ಕಡೆಗೆ ಚಾಚುತ್ತಲೇ ಇದ್ದನು. ಈ ಕಾರಣದಿಂದ ಸೋಮೇಶ್ವರನನ್ನು ದುರ್ಬಲ ಅರಸನೆಂದು ಕರೆಯುವ ವಾಡಿಕೆ ಇತಿಹಾಸಕಾರರಲ್ಲಿ ಬೆಳೆದುಬಂದಿದೆ. ರಾಜ್ಯವು ಕೈಜಾರುತ್ತಿರುವಾಗ ಅನ್ನ, ತಾಂಬೂಲ, ಮದಿರೆಗಳ ವಿಚಾರವನ್ನು ಬರೆಯುತ್ತ ಕುಳಿತವನೆಂಬ ಆಕ್ಷೇಪವೂ ಇದರಲ್ಲಿ ಅಡಗಿದೆ.

ಆ ಬರವಣಿಗೆಯೇ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. ಶಕ 1051, ಎಂದರೆ ಕ್ರಿ.ಶ. 1129, ಇದರ ರಚನೆಯ ಕಾಲ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು ಸೇರಿ ನೂರು ಅಧ್ಯಾಯಗಳ ಈ ಸಂಸ್ಕೃತ ಗ್ರಂಥವು ಒಬ್ಬ ಅರಸನ ಜೀವನದ ವಿಶ್ವಕೋಶವೇ ಆಗಿದೆ. ಆಸ್ಥಾನದ ಪಂಡಿತರ ನೆರವು ಅದಕ್ಕೆ ಒದಗಿರಬಹುದು. ಆದರೂ ಅದರ ಹಿಂದೆ ಒಂದೇ ಮನಸ್ಸಿನ ಕುತೂಹಲವಿದೆಯೆಂಬುದು ಓದಿದವರಿಗೆ ವೇದ್ಯವಾಗದಿರದು. ಆನೆ, ಕುದುರೆ, ರತ್ನ, ಚಿತ್ರ, ಸಂಗೀತ—ಏನನ್ನೇ ಎತ್ತಿಕೊಳ್ಳಲಿ, ಅದರ ಬಗೆಗಳನ್ನು ಎಣಿಸಿ, ಲಕ್ಷಣಗಳನ್ನು ಗುರುತಿಸಿ, ಉತ್ತಮ ಯಾವುದು ಅಧಮ ಯಾವುದು ಎಂದು ನಿರ್ಣಯಿಸುವುದು ಅವನ ರೀತಿ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಹಾಡುವ ಓವಿಯೂ ಅವನ ಕಿವಿಗೆ ಬಿದ್ದಿದೆ. ಅದಕ್ಕೂ ಗ್ರಂಥದಲ್ಲಿ ಎಡೆ ದೊರೆತಿದೆ.

ಇದೇ ರೀತಿಯನ್ನು ಅವನು ನಾಲಗೆಯ ವಿಷಯದಲ್ಲಿಯೂ ಅನುಸರಿಸಿದನು. ಅನ್ನಭೋಗದ ಅಧ್ಯಾಯದಲ್ಲಿ ಎಂಟು ಬಗೆಯ ಅಕ್ಕಿಗಳ ಹೆಸರುಗಳಿವೆ. ಕೆಂಪಕ್ಕಿ, ಪರಿಮಳದ ಅಕ್ಕಿ, ಕಳಿಂಗದ ಅಕ್ಕಿ, ಅರುವತ್ತು ದಿನಗಳಲ್ಲಿ ಬೆಳೆಯುವ ಅಕ್ಕಿ ಇವೆಲ್ಲ ಆ ಪಟ್ಟಿಗೆ ಸೇರಿವೆ. ನೀರಿಗಾಗಿಯೇ ಬೇರೊಂದು ಅಧ್ಯಾಯವಿದೆ. ಮಳೆಯ ನೀರು, ಹೊಳೆಯ ನೀರು, ಬಾವಿಯ ನೀರು ಎಂದು ವಿಂಗಡಿಸಿ, ಯಾವ ಋತುವಿಗೆ ಯಾವುದು ಹಿತವೆಂದು ಅವನು ಹೇಳುತ್ತಾನೆ. ಎಲ್ಲರೂ ಒಂದೇ ಎಂದು ಕುಡಿಯುವ ನೀರಿನಲ್ಲಿಯೂ ಭೇದವನ್ನು ಕಂಡ ನಾಲಗೆ ಅದು.

ಹುಳಿಯ ವಿಷಯದಲ್ಲಿ ಈ ಸೂಕ್ಷ್ಮತೆ ಇನ್ನೂ ಸ್ಪಷ್ಟವಾಗುತ್ತದೆ. ಕಾಯಿಸಿದ ಹಾಲನ್ನು ಹುಳಿ ಮಜ್ಜಿಗೆಯಿಂದ ಒಡೆಸಿ, ಸೋಸಿದ ಗಿಣ್ಣಿಗೆ ಅಕ್ಕಿಯ ಹಿಟ್ಟನ್ನು ಬೆರಸಿ, ತುಪ್ಪದಲ್ಲಿ ಕರಿದು ಮಾಡುವ ಸಿಹಿತಿನಿಸನ್ನು ಅವನು ವರ್ಣಿಸಿದ್ದಾನೆ. ಅಕ್ಕಿ ತೊಳೆದ ನೀರಿಗೆ ಹುಣಸೆ, ಮಜ್ಜಿಗೆ, ಸಕ್ಕರೆಗಳನ್ನು ಕೂಡಿಸಿ, ಏಲಕ್ಕಿ ಶುಂಠಿಗಳನ್ನು ಬೆರಸಿ, ಇಂಗಿನ ಹೊಗೆಯನ್ನು ಹಿಡಿಸಿದ ಪಾನೀಯವೂ ಅಲ್ಲಿದೆ. ಈ ಜಾಣ್ಮೆ ಅವನಿಂದಲೇ ಆರಂಭವಾದುದಲ್ಲ. ಇದೇ ವಂಶದ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನು ಕನ್ನಡದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವನ್ನು ಹೇಳಿದ್ದನು. ಸೋಮೇಶ್ವರನು ಆ ಪರಂಪರೆಯನ್ನು ವಿಸ್ತರಿಸಿದನು.

ಮದಿರೆಯನ್ನೂ ಅವನು ಮರೆಮಾಚಲಿಲ್ಲ. ಕ್ರೀಡೆಗಳ ಕೊನೆಯ ವಿಂಶತಿಯಲ್ಲಿ ಮದಿರಾಪಾನಕ್ಕೆ ಒಂದು ಸ್ಥಾನವಿದೆ. ದ್ರಾಕ್ಷಿಯಿಂದ, ಕಬ್ಬಿನ ಹಾಲಿನಿಂದ, ತಾಳೆ, ತೆಂಗುಗಳಿಂದ ಇಳಿಸಿ ಹುದುಗಿಸಿದ ಪಾನಗಳನ್ನು ಅವನು ಬಲ್ಲನು. ಇಂದು ತಿಕೋಟಾದ ಸುತ್ತಿನ ತೋಟಗಳ ದ್ರಾಕ್ಷಿ ಹೆಚ್ಚಾಗಿ ಒಣದ್ರಾಕ್ಷಿಯಾಗಿ ಪೇಟೆಗೆ ಹೋಗುತ್ತದೆ. ಅಂದಿನ ಅರಮನೆಯಲ್ಲಿ ದ್ರಾಕ್ಷಿಗೆ ಬೇರೊಂದು ಗತಿಯೂ ಇತ್ತು.

ಇಂಥ ಪರೀಕ್ಷೆ ಅರಮನೆಯ ವಿಲಾಸ ಮಾತ್ರವೆನ್ನುವವರು ಬೆಲ್ಜಿಯಂ ದೇಶದ ಕಡೆಗೊಮ್ಮೆ ನೋಡಬಹುದು. ಬ್ರಸೆಲ್ಸ್ ನಗರದ ಆಸುಪಾಸಿನಲ್ಲಿ ಲ್ಯಾಂಬಿಕ್ ಎಂಬ ಬಿಯರನ್ನು ತಯಾರಿಸುವವರು ಬಾರ್ಲಿ, ಗೋಧಿಗಳ ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಹೆಪ್ಪನ್ನು ಹಾಕುವವರಿಲ್ಲ, ಗಾಳಿಯಲ್ಲಿಯೂ ಮರದ ಪೀಪಾಯಿಗಳಲ್ಲಿಯೂ ಇರುವ ಸೂಕ್ಷ್ಮ ಜೀವಿಗಳೇ ಅದನ್ನು ಹುದುಗಿಸುತ್ತವೆ. ಬಳಿಕ ಅದು ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿ ಹುಳಿಯಾಗುತ್ತದೆ. ಅನುಭವಿಯೊಬ್ಬನು ಪೀಪಾಯಿಯಿಂದ ಪೀಪಾಯಿಗೆ ಹೋಗಿ ರುಚಿ ನೋಡಿ, ಒಂದು, ಎರಡು, ಮೂರು ವರ್ಷಗಳ ಪಾನಗಳನ್ನು ಹದವರಿತು ಬೆರಸಿದಾಗ ಗ್ಯೂಜ್ ಎಂಬುದು ಸಿದ್ಧವಾಗುತ್ತದೆ. ಅದರ ಹುಳಿ, ಪರಿಮಳ, ಪಕ್ವತೆಗಳಿಗೆ ಅಂಕ ಕೊಟ್ಟು ತಾರತಮ್ಯ ಹೇಳುವ ರಸಿಕರು ಲೋಕದಲ್ಲೆಲ್ಲ ಇದ್ದಾರೆ. ಯಂತ್ರಗಳಿರುವ ಈ ಕಾಲದಲ್ಲಿಯೂ ಕಡೆಯ ತೀರ್ಪು ನಾಲಗೆಯದೇ.

ಹಾಗೆ ನೋಡಿದರೆ ಈ ತೀರ್ಪು ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹುಳಿಗಿಟ್ಟ ಜೋಳದ ಅಂಬಲಿಯನ್ನು ಬೆಳಗ್ಗೆ ಬೆರಳಿನಿಂದ ನಾಲಗೆಗೆ ಮುಟ್ಟಿಸಿ, ಉಣ್ಣಬಹುದೋ ಬಾರದೋ ಎಂದು ನಿರ್ಧರಿಸುವ ಮುದುಕಿಯೂ ಇದೇ ಕೆಲಸವನ್ನು ಮಾಡುತ್ತಾಳೆ. ಹುಳಿತುದು ಬೇರೆ, ಹಳಸಿದುದು ಬೇರೆ. ಎರಡನ್ನೂ ಕಾಲವೇ ಮಾಡುತ್ತದೆ. ಒಂದನ್ನು ಪಕ್ವತೆಯೆನ್ನುತ್ತೇವೆ, ಇನ್ನೊಂದನ್ನು ಕೇಡೆನ್ನುತ್ತೇವೆ. ಇವುಗಳ ನಡುವಣ ಗೆರೆಯನ್ನು ಗುರುತಿಸಲು ಅಭ್ಯಾಸ ಬೇಕು, ಸಂಯಮ ಬೇಕು. ಮುಕ್ಕುವವನಿಗೆ ಅದು ಸಿಕ್ಕುವುದಿಲ್ಲ.

ಸೋಮೇಶ್ವರನಿಗೆ ಈ ಸಂಯಮವಿತ್ತೇ? ಗ್ರಂಥದ ವಿನ್ಯಾಸವೇ ಇದಕ್ಕೆ ಉತ್ತರವನ್ನು ಕೊಡುತ್ತದೆ. ಭೋಗವು ಅದರಲ್ಲಿ ಮೊದಲು ಬರುವುದಿಲ್ಲ. ಮೊದಲ ವಿಂಶತಿಯಲ್ಲಿ ಅವನು ಹೇಳುವುದು ಸುಳ್ಳನ್ನು ಬಿಡುವುದು, ಪರದ್ರೋಹವನ್ನು ಬಿಡುವುದು, ತಿನ್ನಬಾರದುದನ್ನು ತಿನ್ನದಿರುವುದು, ಆತ್ಮಪ್ರಶಂಸೆ ಮಾಡದಿರುವುದು, ದೀನರನ್ನೂ ಅನಾಥರನ್ನೂ ಸಲಹುವುದು ಮೊದಲಾದ ಧರ್ಮಗಳನ್ನು. ಎರಡನೆಯದರಲ್ಲಿ ರಾಜ್ಯವನ್ನು ಸ್ಥಿರಗೊಳಿಸುವ ಬಗೆ ಬರುತ್ತದೆ. ಇವೆರಡನ್ನು ದಾಟಿದ ಮೇಲೆಯೇ ಅನ್ನ, ನೀರು, ತಾಂಬೂಲಗಳ ಮಾತು, ಮದಿರೆಯಂತೂ ಐದನೆಯದರಲ್ಲಿ. ಧರ್ಮದ ಬಾಗಿಲನ್ನು ಹಾದು ಬಂದವನಿಗೆ ಮಾತ್ರ ಅವನು ಭೋಗದ ಮನೆಯನ್ನು ತೆರೆದು ತೋರಿಸುತ್ತಾನೆ.

ಹಾಗೆಂದು ಅವನ ಕೊರತೆಗಳನ್ನು ಮುಚ್ಚಬೇಕಾಗಿಲ್ಲ. ಎರಡನೆಯ ವಿಂಶತಿಯಲ್ಲಿ ಬರೆದುದನ್ನೆಲ್ಲ ಅವನು ವೇಂಗಿಯಲ್ಲಿ ನಡೆಸಿ ತೋರಿಸಲಾರದೆ ಹೋದನು. ಎಂಟು ಬಗೆಯ ಅಕ್ಕಿಗಳನ್ನು ಹೆಸರಿಸಿದ ಗ್ರಂಥವು ಅನ್ನವನ್ನು ನೋಡುವುದು ಉಣ್ಣುವ ಪೀಠದಿಂದಲೇ ಹೊರತು ಬೆಳೆದವರ ಹೊಲದಿಂದಲ್ಲ. ತಂದೆಯ ಚರಿತ್ರೆಯನ್ನು ಕುರಿತು ಅವನು ಬರೆದನೆನ್ನಲಾದ ವಿಕ್ರಮಾಂಕಾಭ್ಯುದಯವು ನಮಗೆ ಪೂರ್ತಿಯಾಗಿ ದೊರೆತಿಲ್ಲ. 1138ರ ಸುಮಾರಿಗೆ ಅವನು ತೀರಿಕೊಂಡನು. ಅವನ ತರುವಾಯ ಜಗದೇಕಮಲ್ಲನೂ ಮೂರನೆಯ ತೈಲಪನೂ ಪಟ್ಟಕ್ಕೆ ಬಂದರು. ಕಾಲು ಶತಮಾನ ಕಳೆಯುವಷ್ಟರಲ್ಲಿ ಕಲ್ಯಾಣವು ಕಲಚುರಿ ಬಿಜ್ಜಳನ ಕೈಸೇರಿತು.

ತಂದೆ ಗೆದ್ದ ನಾಡುಗಳು ಹೋದವು. ಅವನು ಆರಂಭಿಸಿದ ಶಕೆಯೂ ಬಳಕೆ ತಪ್ಪಿತು. ಮಗನ ಗ್ರಂಥವು ಮಾತ್ರ ತಾಳೆಗರಿಗಳಲ್ಲಿ ಉಳಿದು, 20ನೆಯ ಶತಮಾನದಲ್ಲಿ ಮೈಸೂರಿನಲ್ಲಿಯೂ ಬಡೋದೆಯಲ್ಲಿಯೂ ಅಚ್ಚಾಗಿ, ನಮ್ಮ ಕೈಗೆ ಬಂದಿದೆ. 12ನೆಯ ಶತಮಾನದ ಕನ್ನಡ ನಾಡು ಏನನ್ನು ಉಂಡಿತು, ಏನನ್ನು ಕುಡಿಯಿತು, ಯಾವುದನ್ನು ಉತ್ತಮವೆಂದು ಬಗೆಯಿತು ಎಂಬುದನ್ನು ತಿಳಿಯಬಯಸುವ ವಿದ್ಯಾರ್ಥಿ ಈ ಸೋತ ಅರಸನ ಬಳಿಗೇ ಹೋಗಬೇಕು. ಲೋಕವನ್ನು ಬಿಟ್ಟು ದೊಡ್ಡವರಾದವರನ್ನು ಪೂಜಿಸುವ ನಾವು, ಲೋಕವನ್ನು ಎಚ್ಚರದಿಂದ ಸವಿದು ಅದರ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದಿಟ್ಟವನಿಗೂ ಒಂದು ಮಣೆಯನ್ನು ಹಾಕುವುದು ನ್ಯಾಯ.