ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡ

ಮಡಿಕೇರಿಯ ಕೋಟೆಯ ಬಾಗಿಲನ್ನು ದಾಟುವಾಗಲೆಲ್ಲ ನನ್ನ ನಡಿಗೆ ತಾನಾಗಿಯೇ ನಿಧಾನವಾಗುತ್ತದೆ. 1837ರ ಅಕ್ಟೋಬರ್ 31ರಂದು ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದು ಇಲ್ಲಿಯೇ. ಅವರ ಚರಿತೆಯನ್ನು ನಾನು ಬಹುಕಾಲ ತರಗತಿಯಲ್ಲಿ ಬರಿಯ ವೀರಗಾಥೆಯಾಗಿ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಕಂದಾಯವನ್ನು ಭತ್ತದಲ್ಲಿ ಕೊಟ್ಟರೇನು, ರೂಪಾಯಿಯಲ್ಲಿ ಕೊಟ್ಟರೇನು, ಅಷ್ಟಕ್ಕಾಗಿ ಪ್ರಾಣ ತೆರಬೇಕಿತ್ತೇ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನಾಚಿಕೆ ಬಿಟ್ಟು, ಅರ್ಥಶಾಸ್ತ್ರ ಕಲಿಸುವ ಮಿತ್ರರೊಬ್ಬರ ಮುಂದೆ ಶಿಷ್ಯನಾಗಿ ಕುಳಿತೆ.

ಅಪ್ಪಯ್ಯಗೌಡರು ಹಾಲೇರಿ ಅರಸರ ಕಾಲದ ಕೊಡಗಿನವರು. ಅರೆಭಾಷೆಯ ಗೌಡ ಸಮಾಜದಲ್ಲಿ ಮನ್ನಣೆಯುಳ್ಳವರು. ಘಟ್ಟದ ಮೇಲಿನ ಗೌಡರಿಗೂ ಕೆಳಗಿನ ಸುಳ್ಯದ ಗೌಡರಿಗೂ ನುಡಿ ಒಂದೇ, ನೆಂಟಸ್ತಿಕೆಯೂ ಉಂಟು. ಅಮರಸುಳ್ಯದ ಸೀಮೆ ಕೊಡಗಿನ ಅರಸರಿಗೆ ಸೇರಿದ್ದರಿಂದ ಆ ನಂಟು ಇನ್ನೂ ಬಿಗಿಯಾಯಿತು. 1834ರ ಏಪ್ರಿಲಿನಲ್ಲಿ ಚಿಕವೀರರಾಜೇಂದ್ರ ಪದಚ್ಯುತನಾದ. ಕೊಡಗು ಕಂಪನಿಯ ವಶವಾಯಿತು. ಕಂಪನಿಯವರು ಅಮರಸುಳ್ಯವನ್ನು ಕೊಡಗಿನಿಂದ ಕಡಿದು ಕೆನರಾ ಜಿಲ್ಲೆಗೆ ಜೋಡಿಸಿದರು. ನಕಾಶೆಯ ಮೇಲೆ ಅದು ಒಂದು ಗೆರೆಯ ಬದಲಾವಣೆ. ಗದ್ದೆಯಲ್ಲಿ ಮಾತ್ರ ಹಾಗಿರಲಿಲ್ಲ.

ಅರಸರ ಕಾಲದಲ್ಲಿ ಅಲ್ಲಿನ ರೈತ ಬೆಳೆದುದರಲ್ಲಿಯೇ ಕಂದಾಯ ಅಳೆಯುತ್ತಿದ್ದ. ಕಂಪನಿ ನಗದನ್ನೇ ಕೇಳಿತು. ನನ್ನ ಮಿತ್ರರು ವಿವರಿಸಿದ್ದು ಇದನ್ನೇ. ಲೆಕ್ಕಕ್ಕಾಗಿ ಒಬ್ಬ ರೈತನ ಕಿಸ್ತು 10 ರೂಪಾಯಿ ಎಂದಿಟ್ಟುಕೊಳ್ಳಿ. ಅಕ್ಕಿ ಮುಡಿಗೆ 2 ರೂಪಾಯಿ ಇದ್ದರೆ 5 ಮುಡಿ ಮಾರಿ ಅವನು ಪಾರಾಗುತ್ತಾನೆ. ಆದರೆ ಕಿಸ್ತಿನ ಗಡುವು ಸೀಮೆಗೆಲ್ಲ ಒಂದೇ. ಊರಿಗೆ ಊರೇ ಅದೇ ವಾರ ಮಾರಲು ಬಂದರೆ ಸರಕು ಹೆಚ್ಚುತ್ತದೆ, ಕೊಳ್ಳುವವರು ಬೆರಳೆಣಿಕೆಯವರೇ ಉಳಿಯುತ್ತಾರೆ. ಬೆಲೆ 1 ರೂಪಾಯಿಗೆ ಕುಸಿದರೆ ಅದೇ ಕಿಸ್ತಿಗೆ 10 ಮುಡಿ ಬೇಕು. ಸರಕಾರ ಒಂದು ಕಾಸನ್ನೂ ಏರಿಸಿಲ್ಲ. ರೈತನ ಕಂದಾಯ ಮಾತ್ರ ಇಮ್ಮಡಿಯಾಗಿದೆ! ಧಾನ್ಯದಲ್ಲಿ ಪಡೆಯುವಾಗ ಬೆಲೆಯಿಳಿತದ ನಷ್ಟವನ್ನು ಅರಸನೂ ಉಣ್ಣುತ್ತಿದ್ದ. ನಗದಿನಲ್ಲಿ ಪಡೆಯುವಾಗ ಅದು ಪೂರ್ತಿ ರೈತನದೇ. ಕಾಯುವ ಶಕ್ತಿಯಿದ್ದವನು ಕಾಯುತ್ತಾನೆ. ಇಲ್ಲದವನು ಸಾಹುಕಾರನ ಜಗಲಿ ಹತ್ತುತ್ತಾನೆ.

ಇದರ ಮೇಲೆ ಉಪ್ಪು ಮತ್ತು ಹೊಗೆಸೊಪ್ಪು. ಕೆನರಾದಲ್ಲಿ ಎರಡೂ ಕಂಪನಿಯ ಏಕಸ್ವಾಮ್ಯದಲ್ಲಿದ್ದವು. ಮಾರುವವನೊಬ್ಬನೇ ಆದಾಗ ಬೆಲೆ ಅವನದೇ ಬಾಯಿಮಾತು. ದುಬಾರಿಯಾಯಿತೆಂದು ಹೊಗೆಸೊಪ್ಪನ್ನಾದರೂ ಬಿಡಬಹುದೇನೋ (ಬಿಟ್ಟವರನ್ನು ನಾನು ಹೆಚ್ಚು ಕಂಡಿಲ್ಲ), ಉಪ್ಪನ್ನು ಬಿಡಲಾಗದು. ಮಾರುವಾಗ ಕೊಳ್ಳುವವರು ಕೆಲವರು, ಕೊಳ್ಳುವಾಗ ಮಾರುವವನು ಒಬ್ಬ: ರೈತ ಎರಡು ಕಡೆಯಿಂದಲೂ ಸಿಕ್ಕಿಬಿದ್ದ.

ಅಪ್ಪಯ್ಯಗೌಡರು ಬಂಡಾಯದ ಮುಂದಾಳುಗಳಲ್ಲಿ ಒಬ್ಬರಾದುದು ಈ ಹಿನ್ನೆಲೆಯಲ್ಲಿ. ಸುಳ್ಯದಲ್ಲಿ ಕೆದಂಬಾಡಿ ರಾಮಯ್ಯಗೌಡರು ಎದ್ದುನಿಂತರು. ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪ ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತು ನಾಯಕನಾದ. 1837ರ ಮಾರ್ಚ್ ಕೊನೆಯಲ್ಲಿ ಹೊರಟ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಖಜಾನೆ ಒಡೆಯಿತು, ಸೆರೆಮನೆ ತೆರೆಯಿತು. ಅವರು ಬಾವುಟ ಏರಿಸಿದ ಗುಡ್ಡವೇ ಇಂದಿನ ಬಾವುಟಗುಡ್ಡೆ ಎಂದು ಜನ ಹೇಳುತ್ತಾರೆ. ಊರು ಅವರ ಕೈಯಲ್ಲಿದ್ದುದು 13 ದಿನ. ಅಷ್ಟರಲ್ಲಿ ಕಣ್ಣಾನೂರಿನ ಕಡೆಯಿಂದ ಕಂಪನಿಯ ಸೈನ್ಯ ಬಂದಿತು. ಈ ದಂಗೆಗೆ ಕರಾವಳಿಯಲ್ಲಿ ಉಳಿದ ಹೆಸರು ಕಲ್ಯಾಣಪ್ಪನ ಕಾಟಕಾಯಿ. ಕಾಟವೆಂದರೆ ಪೀಡೆ. ಗೆದ್ದವರ ಕಣ್ಣಿನಿಂದ ಕಂಡ ಹೆಸರೇ ಜನರ ಬಾಯಲ್ಲೂ ನಿಂತಿತೆಂಬುದು ಕನ್ನಡ ಮೇಷ್ಟರಾದ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಘಟ್ಟದ ಮೇಲೆ ಸಂಗತಿ ಬೇರೆಯಾಗಿತ್ತು. ಕೊಡಗಿನೊಳಗೆ ಜಮ್ಮಾ ಮೊದಲಾದ ಹಳೆಯ ಹಿಡುವಳಿಗಳನ್ನು ಕಂಪನಿ ಬಹುಮಟ್ಟಿಗೆ ಉಳಿಸಿಕೊಂಡಿತ್ತು. ದಿವಾನರೂ ಅನೇಕ ಮುಖಂಡರೂ ಅದರ ಪಕ್ಷ ಹಿಡಿದರು. ಅವರನ್ನು ದ್ರೋಹಿಗಳೆಂದು ಜರೆಯುವುದು ಸುಲಭ. ನನಗೆ ಅದು ಸರಿಕಾಣದು. ಸುಳ್ಯದ ರೈತನ ಹೊಟ್ಟೆಗೆ ಬಿದ್ದ ಪೆಟ್ಟು ಅವರಿಗೆ ಬಿದ್ದಿರಲಿಲ್ಲ. ಅಪ್ಪಯ್ಯಗೌಡರು ನೆಂಟರ ನೋವನ್ನು ತಮ್ಮದಾಗಿಸಿಕೊಂಡರು.

ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಿದರು. ಅಪ್ಪಯ್ಯಗೌಡರಿಗೆ ಗೊತ್ತುಮಾಡಿದ ಸ್ಥಳ ಮಡಿಕೇರಿಯ ಕೋಟೆ. ಊರಿನವರೂ ಮನೆಯವರೂ ನೋಡುತ್ತಿದ್ದಂತೆಯೇ ಶಿಕ್ಷೆ ನಡೆಯಿತು. ಬಂಡಾಯವನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕಗಳನ್ನು ಹಂಚಿತು. ಅವುಗಳ ಮೇಲೆ ಕನ್ನಡ ಅಕ್ಷರಗಳೂ ಇದ್ದವು.