ಒಂದು ಅಂಕದ ಉತ್ತರದಾಚೆ ಮೋಗ್ಲಿಂಗ್

ಕನ್ನಡದ ಮೊದಲ ಪತ್ರಿಕೆ ಯಾವುದೆಂದು ಕೇಳಿದರೆ ಗಡಿನಾಡಿನ ಮಕ್ಕಳೂ ಥಟ್ಟನೆ ಉತ್ತರಿಸುತ್ತಾರೆ. ಕಾಸರಗೋಡಿನ ನಮ್ಮ ಮಕ್ಕಳು ಮಲಯಾಳದ ನಡುವೆ ಕನ್ನಡ ಓದುವಂತೆ, ರಾಯಚೂರಿನ ನೆರೆಯಲ್ಲಿರುವ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ತೆಲುಗಿನ ನಡುವೆ ಕನ್ನಡದ ಮನೆಗಳಿವೆ. ಎರಡು ಕಡೆಯೂ ಉತ್ತರ ಒಂದೇ: 'ಮಂಗಳೂರ ಸಮಾಚಾರ', 1843, ಹರ್ಮನ್ ಮೋಗ್ಲಿಂಗ್. ಒಂದು ಅಂಕ ಬಂತು, ಮುಗಿಯಿತು. ಆ ಹೆಸರಿನ ಹಿಂದಿನ ಬಾಳನ್ನು ಅಧ್ಯಾಪಕರಾದ ನಾವು ಹೇಳುವುದೇ ಕಡಿಮೆ.

ಮೋಗ್ಲಿಂಗರು ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕೆನ್‌ಹೈಮಿನಲ್ಲಿ. 1836ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಇಲ್ಲಿನವರ ಮಾತನ್ನು ಕಲಿಯದೆ ಅವರ ಮನಸ್ಸು ತಿಳಿಯದೆಂದು ಅವರು ಕಂಡುಕೊಂಡರು. ಕಲ್ಲಚ್ಚಿನಲ್ಲಿ ಮುದ್ರಿಸಿದ ಪತ್ರಿಕೆ ಮರುವರ್ಷವೇ ಹೆಸರು ಬದಲಿಸಿ ಬಳ್ಳಾರಿಗೆ ಹೋಯಿತು, ಬಹುಕಾಲ ಬಾಳಲಿಲ್ಲ. ಅವರು ಎದೆಗುಂದಲಿಲ್ಲ. 1848ರಿಂದ ಹಳೆಯ ಕನ್ನಡ ಕೃತಿಗಳನ್ನು ಅಚ್ಚಿಗೆ ತಂದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಅವುಗಳಲ್ಲಿ ಸೇರಿದ್ದವು. ತಮ್ಮದಲ್ಲದ ಧರ್ಮದ ಗ್ರಂಥಗಳಿಗಾಗಿ ಬೆವರು ಸುರಿಸಿದ್ದು ಸಣ್ಣ ಮಾತಲ್ಲ.

1853ರಲ್ಲಿ ಅವರು ಕೊಡಗಿಗೆ ಹೋದರು. ತಲೆಮಾರುಗಳಿಂದ ಒಡೆಯರ ಜಮೀನಿಗೆ ಕಟ್ಟುಬಿದ್ದಿದ್ದ ಹೊಲೆಯ ಸಮುದಾಯದವರಿಗಾಗಿ ಆನಂದಪುರವೆಂಬ ನೆಲೆ ಕಟ್ಟಿದರು. ಇತ್ತ 1855ರಲ್ಲಿ, ಸಂಬಂಧಿಯೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆ ತೀರಿಕೊಂಡರು. ಮೋಗ್ಲಿಂಗರು ಅವರ ವಿಧವೆ ಪೌಲಿನಾರನ್ನು ವರಿಸಿ, ತಂದೆಯಿಲ್ಲದ ಮಕ್ಕಳ ಭಾರ ಹೊತ್ತರು. ಕನ್ನಡದ ಸೇವೆಗಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಎರಡೇ ವರ್ಷದಲ್ಲಿ ಹೆಂಡತಿಯ ಅನಾರೋಗ್ಯದಿಂದಾಗಿ, ಕೈಹಿಡಿದ ಕೆಲಸ ಅರ್ಧದಲ್ಲಿರುವಾಗಲೇ, ಊರಿಗೆ ಮರಳಬೇಕಾಯಿತು. ಅಲ್ಲಿಯೂ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು. 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ನಿಧನರಾದರು.

ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಕ್ರೈಸ್ತರು ಹೇಳುವ ಮೂರು ಮಾತುಗಳನ್ನು ನಾವು ಈ ಬಾಳಿನಲ್ಲಿ ಕಾಣುತ್ತೇವೆ. ಕರೆ ಬಂದಲ್ಲಿಗೆ ಹೊರಟದ್ದು ನಂಬಿಕೆ. ಪತ್ರಿಕೆ ನಿಂತರೂ ಅಚ್ಚಿನ ಕೆಲಸ ಬಿಡದಿದ್ದುದು ನಿರೀಕ್ಷೆ. ಆನಂದಪುರದ ಮನೆಗಳೂ ಗೆಳೆಯನ ಮಕ್ಕಳೂ ಪ್ರೀತಿಯ ಸಾಕ್ಷಿ.

ಮಕ್ತಲಿನಲ್ಲಾಗಲಿ ಮಂಜೇಶ್ವರದಲ್ಲಾಗಲಿ, ನೆರೆಯವನ ಮಾತನ್ನು ಕಲಿತು ಅವನ ಕಷ್ಟಕ್ಕೆ ಹೆಗಲು ಕೊಡಲು ಯಾವ ಪದವಿಯೂ ಬೇಡ. ಮುಂದಿನ ಬಾರಿ ಆ ಒಂದು ಅಂಕದ ಪ್ರಶ್ನೆ ಬಂದಾಗ, ಇಷ್ಟನ್ನಾದರೂ ಮಕ್ಕಳಿಗೆ ಹೇಳೋಣ.